ಹಿಮವೇ ಮಳೆಯಾದ ಊರು

ನಮ್ಮ ನಾಡಿನ ಒಕ್ಕಲಿಗನು ಮಳೆಯನ್ನು ಬರಿದೆ ಮಳೆಯೆಂದು ಕರೆಯುವುದಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ನಕ್ಷತ್ರದ ಹೆಸರು ಹಿಡಿದು ಕರೆಯುತ್ತಾನೆ. ಯಾವ ಮಳೆಗೆ ಯಾವ ಬೀಜವನ್ನು ಬಿತ್ತಬೇಕು, ಯಾವ ಮಳೆ ತಪ್ಪಿದರೆ ಯಾವ ಬೆಳೆ ಕೈಬಿಡುವುದು ಎಂಬುದು ಅವನ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ಹಿಮದ ವಿಷಯದಲ್ಲಿ ನಮ್ಮ ಭಾಷೆಯು ಬಹು ಮಿತಭಾಷಿ. ಕೊಡಗಿನ ಬೆಟ್ಟಗಳ ಮೇಲೆ ಬೆಳಗಿನ ಜಾವದಲ್ಲಿ ಕವಿದು ಬಿಸಿಲೇರುತ್ತಲೇ ಕರಗಿಹೋಗುವುದೂ ಮಂಜೇ. ಹಿಮಾಲಯದ ನೆತ್ತಿಯ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕುಳಿತಿರುವುದೂ ಮಂಜೇ. ಇದರಲ್ಲಿ ಭಾಷೆಯ ಕೊರತೆಯೇನೂ ಇಲ್ಲ. ಯಾವ ನಾಡಿನ ಬದುಕು ಯಾವುದನ್ನು ಆಶ್ರಯಿಸಿದೆಯೋ ಅದಕ್ಕೆ ಆ ನಾಡಿನ ನುಡಿಯಲ್ಲಿ ಹೆಸರುಗಳು ಹುಟ್ಟುವುವು.

ಕಾಶ್ಮೀರದವರು ನಾವು ಮಳೆಗೆ ಹೆಸರಿಟ್ಟಂತೆ ಚಳಿಗೆ ಹೆಸರಿಟ್ಟಿದ್ದಾರೆ. ಡಿಸೆಂಬರ್ ೨೧ರಿಂದ ಜನವರಿ ೩೦ರ ವರೆಗಿನ ೪೦ ದಿನಗಳು ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಳಿ. ಅದರ ಮುಂದಿನ ೨೦ ದಿನಗಳು ‘ಚಿಲ್ಲೈ ಖುರ್ದ್’, ಚಿಕ್ಕ ಚಳಿ. ಆಮೇಲಿನ ೧೦ ದಿನಗಳು ‘ಚಿಲ್ಲೈ ಬಚ್ಚಾ’, ಮರಿ ಚಳಿ. ‘ಚಿಲ್ಲಾ’ ಎಂಬುದು ನಲವತ್ತು ದಿನಗಳ ವ್ರತಕ್ಕೆ ಪಾರಸಿಯಲ್ಲಿರುವ ಹೆಸರು. ಬೀಳುವ ಹಿಮಕ್ಕೆ ಅವರು ‘ಶೀನ್’ ಎನ್ನುವರು. ಸಂಸ್ಕೃತದಲ್ಲಿ ಹೆಪ್ಪುಗಟ್ಟಿದುದಕ್ಕೆ ‘ಶೀನ’ ಎಂಬ ಶಬ್ದವುಂಟೆಂಬುದನ್ನು ವ್ಯಾಕರಣವನ್ನು ಓದಿದವರು ಬಲ್ಲರು. ಮಾಡಿನ ಅಂಚಿನಿಂದ ಕೋಲುಕೋಲಾಗಿ ಇಳಿಬಿದ್ದ ನೀರ್ಗಲ್ಲಿಗೆ ‘ಶಿಶರ್‌ಗಾಂಟ್’ ಎಂಬ ಹೆಸರು; ನಮ್ಮ ಶಿಶಿರ ಋತುವೇ ಅಲ್ಲಿ ಮಾಡಿಗೆ ಜೋತುಬಿದ್ದಿದೆ!

ಈ ತಿಂಗಳು ನಮ್ಮ ಮನೆಮಂದಿಗೆಲ್ಲ ನಾನು ಹೇಳಬೇಕೆಂದಿರುವುದು ಆ ನಾಡಿನ ಗುಲ್ಮರ್ಗವೆಂಬ ಊರಿನ ಚಳಿಗಾಲದ ಸಂಸಾರವನ್ನು ಕುರಿತು. ಶ್ರೀನಗರದಿಂದ ಸುಮಾರು ೫೦ ಕಿಲೋಮೀಟರ್ ದೂರದಲ್ಲಿ, ಪೀರ್ ಪಂಜಾಲ್ ಪರ್ವತಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟಕ್ಕೆ ಸುಮಾರು ೮,೭೦೦ ಅಡಿ ಎತ್ತರದಲ್ಲಿ ತಟ್ಟೆಯಂತೆ ಹರಡಿಕೊಂಡಿರುವ ಹುಲ್ಲುಗಾವಲು ಅದು. ಗೌರೀಮಾರ್ಗವೆಂಬುದು ಅದರ ಹಳೆಯ ಹೆಸರೆಂದೂ, ೧೬ನೆಯ ಶತಮಾನದಲ್ಲಿ ಸುಲ್ತಾನ್ ಯೂಸುಫ್ ಷಾ ಚಕ್ ಎಂಬಾತನು ಹೂವಿನ ಬಯಲೆಂಬ ಅರ್ಥದ ಈಗಿನ ಹೆಸರನ್ನು ಇಟ್ಟನೆಂದೂ ಹೇಳುವರು. ಬೇಸಗೆಯಲ್ಲಿ ಅದು ಹೂವಿನ ಬಯಲೇ ಸರಿ. ಚಳಿಗಾಲದಲ್ಲಿ ಮಾತ್ರ ಹೂವೂ ಇಲ್ಲ, ಹುಲ್ಲೂ ಇಲ್ಲ, ಎಲ್ಲವೂ ಒಂದೇ ಬಿಳುಪು. ಆ ಬಿಳುಪನ್ನು ನೋಡುವುದಕ್ಕೆಂದೇ ದೇಶದ ನಾನಾ ಕಡೆಗಳಿಂದ ಜನರು ಬರುವರು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದಲೂ ಮಕ್ಕಳುಮರಿ ಸಹಿತವಾಗಿ ಹೋಗಿಬರುವವರು ಈಗ ಕಡಮೆಯಿಲ್ಲ.

ಹೋದವರು ಎರಡು ದಿನವಿದ್ದು, ಹಿಮದ ಉಂಡೆಗಳನ್ನು ಎರಚಾಡಿ, ಚಿತ್ರ ತೆಗೆಸಿಕೊಂಡು ಹಿಂದಿರುಗುವರು. ಆ ಹಿಮದ ನಡುವೆ ಮೂರು ತಿಂಗಳು ಸಂಸಾರ ಮಾಡುವವರ ಬಾಳು ಚಿತ್ರದಲ್ಲಿ ಕಾಣುವುದಿಲ್ಲ. ಮೊದಲನೆಯದಾಗಿ, ಅಲ್ಲಿ ದುಡಿಯುವವರಲ್ಲಿ ಬಹುಮಂದಿಯ ಮನೆ ಗುಲ್ಮರ್ಗದಲ್ಲಿಯೇ ಇಲ್ಲ. ಸುಮಾರು ೧೩ ಕಿಲೋಮೀಟರ್ ಕೆಳಗಿರುವ ತಂಗ್‌ಮರ್ಗ ಮತ್ತು ಅದರ ಸುತ್ತಣ ಹಳ್ಳಿಗಳು ಅವರ ವಾಸಸ್ಥಳ. ಹೋಟೆಲಿನ ಅಡಿಗೆಯವರು, ಕುದುರೆಯವರು, ಹಿಮದ ಮೇಲೆ ಹಲಗೆಬಂಡಿಯನ್ನು ಎಳೆಯುವವರು, ಜಾರಾಟವನ್ನು ಕಲಿಸುವವರು, ಚಹದ ಅಂಗಡಿಯವರು, ಇವರೆಲ್ಲರೂ ಬೆಳಗಾದರೆ ಮೇಲಕ್ಕೆ ಹತ್ತಿ, ಸಂಜೆಯಾದರೆ ಕೆಳಗಿಳಿಯುವವರು. ಪ್ರವಾಸಿಗೆ ಅದು ವಿಹಾರಸ್ಥಾನ. ಇವರಿಗೆ ಅದು ಹೊಲ. ನಾವು ಗದ್ದೆಗೆ ಹೋಗುವಂತೆ ಅವರು ಹಿಮಕ್ಕೆ ಹೋಗುವರು.

ಚಳಿಗಾಲದಲ್ಲಿ ಅಲ್ಲಿ ಬಾಳುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಕಲಿತು ಪಡೆದದ್ದು ಎಂಬುದನ್ನು ಆ ನಾಡಿನ ಪುರಾಣವೇ ಹೇಳುತ್ತದೆ. ನೀಲಮತವೆಂಬ ಕಾಶ್ಮೀರದ ಪುರಾಣದಲ್ಲಿ ಒಂದು ಕಥೆಯುಂಟು. ಪೂರ್ವದಲ್ಲಿ ಮನುಷ್ಯರು ಅಲ್ಲಿ ವರ್ಷಕ್ಕೆ ಆರೇ ತಿಂಗಳು ವಾಸಮಾಡುತ್ತಿದ್ದರಂತೆ. ಹಿಮ ಬೀಳುವ ಕಾಲ ಬಂತೆಂದರೆ ದವಸಧಾನ್ಯಗಳನ್ನು ಕಟ್ಟಿಕೊಂಡು ಹೊರಟುಹೋಗುತ್ತಿದ್ದರು. ಆಗ ಪಿಶಾಚರು ಬಂದು ನಾಡನ್ನು ತುಂಬುತ್ತಿದ್ದರು. ಒಮ್ಮೆ ಚಂದ್ರದೇವನೆಂಬ ಮುದಿ ಬ್ರಾಹ್ಮಣನು ಎಲ್ಲರೊಡನೆ ಹೋಗಲಾರದೆ ಹಿಂದೆ ಉಳಿದನು. ಪಿಶಾಚರ ಕೈಗೆ ಸಿಕ್ಕಿ ಬಹಳ ಬವಣೆಪಟ್ಟ ಬಳಿಕ ನಾಗರಾಜನಾದ ನೀಲನನ್ನು ಮರೆಹೊಕ್ಕು, ಇನ್ನು ಮೇಲೆ ಮನುಷ್ಯರು ವರ್ಷವಿಡೀ ಇಲ್ಲಿ ನೆಲೆಸುವಂತಾಗಲೆಂದು ಬೇಡಿಕೊಂಡನು. ನೀಲನು ವರವನ್ನೇನೋ ಕೊಟ್ಟನು. ಆದರೆ ಸುಮ್ಮನೆ ಕೊಡಲಿಲ್ಲ. ಯಾವ ಯಾವ ತಿಥಿಯಲ್ಲಿ ಏನೇನು ಮಾಡತಕ್ಕದ್ದೆಂಬ ಆಚಾರಗಳ ದೊಡ್ಡದೊಂದು ಪಟ್ಟಿಯನ್ನೂ ಉಪದೇಶಿಸಿದನು. ಪಿಶಾಚರೆಂದರೆ ಯಾರೆಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಕ್ರಮವಾಗಿ ನಡೆದುಕೊಳ್ಳುವವನಿಗೆ ಮಾತ್ರವೇ ಚಳಿಗಾಲವು ಮನೆಯಲ್ಲಿ ಇರಗೊಡುವುದು ಎಂಬುದು ನನಗೆ ತೋರುವ ಆ ಕಥೆಯ ತಿರುಳು.

ಆ ಕ್ರಮವು ಇಂದಿಗೂ ತಪ್ಪಿಲ್ಲ. ಚಳಿಗಾಲದ ಅಡಿಗೆಯು ಅಲ್ಲಿ ಬೇಸಗೆಯಲ್ಲಿಯೇ ಆರಂಭವಾಗುವುದು. ಸೋರೆಕಾಯಿ, ಬದನೆ, ಟೊಮ್ಯಾಟೊ, ಟರ್ನಿಪ್ ಗೆಡ್ಡೆಗಳನ್ನು ಹೋಳು ಮಾಡಿ, ದಾರಕ್ಕೆ ಪೋಣಿಸಿ, ಮಾಲೆಗಳಂತೆ ಬಿಸಿಲಿಗೆ ತೂಗಹಾಕುವರು. ಹೀಗೆ ಒಣಗಿಸಿದ ತರಕಾರಿಗೆಲ್ಲ ‘ಹೋಖ್ ಸ್ಯೂನ್’ ಎಂದು ಹೆಸರು. ನಮ್ಮ ಗೃಹಿಣಿಯರು ಬಾಳಕದ ಮೆಣಸಿನಕಾಯಿಯನ್ನೂ ಹಪ್ಪಳಸಂಡಿಗೆಗಳನ್ನೂ ಬೇಸಗೆಯಲ್ಲಿ ಮಾಡಿಟ್ಟು ಮಳೆಗಾಲಕ್ಕೆ ತೆಗೆಯುವುದಿಲ್ಲವೆ? ಅದೇ ಜಾಣತನ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಹಪ್ಪಳವು ಊಟಕ್ಕೆ ಮೆರುಗು, ಅಲ್ಲಿ ಹಿಮದಿಂದ ದಾರಿ ಕಟ್ಟಿದ ದಿನಗಳಲ್ಲಿ ಆ ಒಣಹೋಳುಗಳೇ ಊಟ. ಈಗ ರಸ್ತೆಗಳು ಉತ್ತಮವಾಗಿ, ಹಸಿಯ ತರಕಾರಿ ಚಳಿಗಾಲದಲ್ಲಿಯೂ ಪೇಟೆಗೆ ಬರುತ್ತಿದೆ. ಆದರೂ ಒಣತರಕಾರಿಯ ಮಾಲೆಯನ್ನು ಕಟ್ಟುವ ಅಜ್ಜಿಯರು ಇನ್ನೂ ಇದ್ದಾರೆ. ಒಂದು ರಾತ್ರಿಯ ಹಿಮವು ಅತ್ಯುತ್ತಮವಾದ ರಸ್ತೆಯನ್ನೂ ಇಲ್ಲವೆನಿಸಬಲ್ಲದೆಂಬುದನ್ನು ಅವರು ಕಂಡವರು. ಕುಡಿಯುವುದಕ್ಕೆ ‘ನೂನ್ ಚಾಯ್’, ಎಂದರೆ ಉಪ್ಪಿನ ಚಹ. ಎಲೆಯನ್ನು ಸೋಡದೊಡನೆ ಬಹಳ ಹೊತ್ತು ಕುದಿಸಿ ಹಾಲು ಬೆರಸುವುದರಿಂದ ಅದಕ್ಕೆ ಗುಲಾಬಿಯ ಬಣ್ಣ ಬರುತ್ತದೆ. ಸಕ್ಕರೆಯ ಚಹಕ್ಕೆ ಒಗ್ಗಿದ ನಮ್ಮ ನಾಲಗೆಗೆ ಮೊದಲ ಗುಟುಕು ವಿಚಿತ್ರವೆನಿಸಬಹುದು; ಅವರಿಗೆ ಅದಿಲ್ಲದೆ ಬೆಳಗಾಗದು.

ಇನ್ನು ಮೈ ಬೆಚ್ಚಗಿಡುವ ಬಗೆ. ಮೊಣಕಾಲಿನ ಕೆಳಗಿನವರೆಗೆ ಇಳಿಯುವ ‘ಫೆರನ್’ ಎಂಬ ಸಡಿಲವಾದ ನಿಲುವಂಗಿಯನ್ನು ಗಂಡಸರೂ ಹೆಂಗಸರೂ ತೊಡುವರು. ಅದರೊಳಗೆ, ತೋಳಿನಿಂದ ಕೈಯನ್ನು ಒಳಕ್ಕೆ ಎಳೆದುಕೊಂಡು, ‘ಕಾಂಗ್ಡಿ’ಯೆಂಬ ಕೆಂಡದ ಬುಟ್ಟಿಯನ್ನು ಹಿಡಿದಿರುವರು. ಒಳಗೆ ಮಣ್ಣಿನ ಕುಡಿಕೆ, ಹೊರಗೆ ಬೆತ್ತದಂತಹ ಸಣ್ಣ ಕಡ್ಡಿಗಳ ಹೆಣಿಗೆ, ಮೇಲೆ ಹಿಡಿ. ಶರತ್ಕಾಲದಲ್ಲಿ ಚಿನಾರ್ ಮರಗಳಿಂದ ಉದುರಿದ ಎಲೆಗಳನ್ನು ಹೆಂಗಸರು ಗುಡಿಸಿ, ರಾಶಿ ಹಾಕಿ ಸುಟ್ಟು, ನೀರು ಚಿಮುಕಿಸಿ ಇದ್ದಲು ಮಾಡಿಟ್ಟುಕೊಳ್ಳುವರು. ಆ ಇದ್ದಲಿನ ಪುಡಿಯ ಮೇಲೆ ಕೆಂಡ, ಕೆಂಡದ ಮೇಲೆ ತೆಳ್ಳಗೆ ಬೂದಿ. ಬೂದಿಯನ್ನು ಆಗಾಗ ಕೆದಕುತ್ತಿದ್ದರೆ ಗಂಟೆಗಟ್ಟಲೆ ಬಿಸಿಯಿರುತ್ತದೆ. ನಮ್ಮ ಅಗ್ಗಿಷ್ಟಿಕೆಗೆ ಕಾಲು ಬಂದು ಮನುಷ್ಯನ ಹಿಂದೆಯೇ ನಡೆದಂತೆ ಇದು. ಅಮರಸಿಂಹನು ಇಂತಹ ಕೆಂಡದ ಪಾತ್ರೆಗೆ ಅಂಗಾರಧಾನಿಕಾ, ಅಂಗಾರಶಕಟೀ ಎಂಬ ಹೆಸರುಗಳೊಡನೆ ಹಸಂತೀ ಎಂಬ ಹೆಸರನ್ನೂ ಹೇಳಿದ್ದಾನೆ. ಹಸಂತೀ ಎಂದರೆ ನಗುವವಳು. ಬೂದಿಯ ಮರೆಯಿಂದ ಮಿನುಗುವ ಕೆಂಡವನ್ನು ಕಂಡವರು ಆ ಹೆಸರನ್ನು ಮೆಚ್ಚದಿರಲಾರರು.

ಆದರೆ ನಗುವವಳ ನಗುವೆಲ್ಲ ಹಿತವಲ್ಲ. ಹೊಟ್ಟೆ ತೊಡೆಗಳಿಗೆ ವರ್ಷವರ್ಷವೂ ಕೆಂಡದ ಕಾವು ತಗಲಿ, ಚರ್ಮ ಸುಟ್ಟು, ಕಡೆಗೆ ಅಲ್ಲಿ ಅರ್ಬುದರೋಗವೇ ಹುಟ್ಟುವುದುಂಟು. ಶ್ರೀನಗರದ ಮಿಷನ್ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಅರ್ನೆಸ್ಟ್ ನೀವ್ ಎಂಬವರು ೧೯೨೩ರಲ್ಲಿಯೇ ಇದನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದಿದ್ದರು. ಮತ್ತೊಂದು ಅಪಾಯವು ಕಣ್ಣಿಗೆ ಕಾಣದುದು. ಕಿಟಕಿಬಾಗಿಲುಗಳನ್ನೆಲ್ಲ ಬಿಗಿದು ಕೆಂಡವನ್ನಾಗಲಿ ಅನಿಲದ ಒಲೆಯನ್ನಾಗಲಿ ಕೋಣೆಯಲ್ಲಿಟ್ಟು ಮಲಗಿದರೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ತುಂಬಿಕೊಳ್ಳುವುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಶೀತಪ್ರದೇಶಕ್ಕೆ ಯಾತ್ರೆ ಹೋಗುವ ನಮ್ಮವರು ಇದೊಂದು ಮಾತನ್ನು ಗಂಟುಹಾಕಿಕೊಳ್ಳತಕ್ಕದ್ದು: ಮಲಗುವ ಮೊದಲು ಬೆಂಕಿಯನ್ನು ಆರಿಸಬೇಕು, ಗಾಳಿಗೆ ಒಂದು ಸಂದು ಬಿಟ್ಟಿರಬೇಕು.

ಮನೆಯ ವಿಷಯಕ್ಕೆ ಬಂದರೆ, ಹಿಮವು ಹತ್ತಿಯಂತೆ ಹಗುರವೆಂದು ನಾವು ಎಣಿಸುವುದುಂಟು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಮಕ್ಕಳೂ ಜೊತೆಗೆ ಮಾಡಲಿ. ಈಗತಾನೆ ಬಿದ್ದ ಹಿಮವು ಹತ್ತು ಅಂಗುಲವಿದ್ದರೆ ಕರಗಿದಾಗ ಸುಮಾರು ಒಂದು ಅಂಗುಲ ನೀರಾಗುವುದು. ಹಾಗಾದರೆ ಒಂದು ಮೀಟರ್ ದಪ್ಪನೆಯ ಹೊಸ ಹಿಮವು ಮಾಡಿನ ಪ್ರತಿಯೊಂದು ಚದರ ಮೀಟರಿನ ಮೇಲೆಯೂ ಸುಮಾರು ೧೦೦ ಕಿಲೋ ಭಾರವನ್ನು ಹೊರಿಸುವುದು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮನೆಯಾದರೆ ನೆತ್ತಿಯ ಮೇಲೆ ೧೦,೦೦೦ ಕಿಲೋ! ಅದು ಕುಸಿದು ಗಟ್ಟಿಯಾದ ಮೇಲೆ ಮತ್ತೆ ಹೊಸದು ಬಿದ್ದರೆ ಭಾರವು ಇನ್ನೂ ಏರುವುದು. ಆದಕಾರಣವೇ ಅಲ್ಲಿಯ ಮಾಡುಗಳು ಕಡಿದಾದ ಇಳಿಜಾರು. ಆದಕಾರಣವೇ ನಡುರಾತ್ರಿಯಲ್ಲಿಯಾದರೂ ಎದ್ದು ಮಾಡಿನ ಹಿಮವನ್ನು ಸಲಿಕೆಯಿಂದ ಎಳೆದುಹಾಕುವುದು ಗೃಹಕೃತ್ಯಗಳಲ್ಲೊಂದು. ನಲ್ಲಿಯೊಳಗಿನ ನೀರು ಗಡ್ಡೆಕಟ್ಟಿ ಕೊಳವೆ ಒಡೆಯದಿರಲೆಂದು ರಾತ್ರಿಯೆಲ್ಲ ನಲ್ಲಿಯನ್ನು ತೊಟ್ಟಿಕ್ಕುತ್ತ ಬಿಟ್ಟಿರುವರು. ಅನುಕೂಲವುಳ್ಳ ಮನೆಗಳಲ್ಲಿಯೂ ಮಸೀದಿಗಳಲ್ಲಿಯೂ ‘ಹಮಾಮ್’ ಎಂಬ ಕೋಣೆಯಿರುತ್ತದೆ. ಕಲ್ಲುಚಪ್ಪಡಿಯ ನೆಲದ ಅಡಿಯಲ್ಲಿ ಸೌದೆಯ ಬೆಂಕಿ. ಮೇಲೆ ಮನೆಮಂದಿಯೆಲ್ಲ ಗೋಡೆಗೆ ಒರಗಿ ಕುಳಿತು ಮಾತನಾಡುವುದು. ನಮ್ಮಲ್ಲಿ ಬೇಸಗೆಯ ರಾತ್ರಿ ಜಗಲಿಯು ಕೊಡುವ ಸುಖವನ್ನು ಅಲ್ಲಿ ಚಳಿಗಾಲದಲ್ಲಿ ಹಮಾಮು ಕೊಡುತ್ತದೆ. ಶಾಲೆಗಳಿಗೆ ದೀರ್ಘರಜವು ಬರುವುದೂ ಬೇಸಗೆಯಲ್ಲಲ್ಲ; ಡಿಸೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ. ಮಕ್ಕಳ ಗದ್ದಲವೂ ಆ ಬೆಚ್ಚನೆಯ ಕೋಣೆಯಲ್ಲಿಯೇ.

ಈಗ ದುಡಿಮೆಯನ್ನು ನೋಡೋಣ. ರಾತ್ರಿ ಹಿಮ ಬಿದ್ದಿದ್ದರೆ ಬೆಳಗಾಗುತ್ತಲೇ ಯಂತ್ರಗಳು ತಂಗ್‌ಮರ್ಗದಿಂದ ರಸ್ತೆಯನ್ನು ಬಿಡಿಸುತ್ತ ಏರುವುವು. ಚಕ್ರಕ್ಕೆ ಕಬ್ಬಿಣದ ಸರಪಣಿಯನ್ನು ಬಿಗಿದ ವಾಹನಗಳಿಗೆ ಮಾತ್ರ ಆಗ ಮೇಲಕ್ಕೆ ಹೋಗಲು ಅಪ್ಪಣೆ. ಮೇಲೆ ಗುಲ್ಮರ್ಗದಲ್ಲಿ ತಂತಿಗೆ ತೂಗುಹಾಕಿದ ತೊಟ್ಟಿಲಿನಂತಹ ‘ಗೊಂಡೋಲ’ ಉಂಟು. ಅದರ ಮೊದಲನೆಯ ಹಂತವು ೧೯೯೮ರಲ್ಲಿ ಆರಂಭವಾಯಿತು. ಅದು ಸುಮಾರು ೧೦,೦೦೦ ಅಡಿ ಎತ್ತರದ ಕೊಂಗ್ಡೂರಿಗೆ ಒಯ್ಯುವುದು. ೨೦೦೫ರಲ್ಲಿ ತೆರೆದ ಎರಡನೆಯ ಹಂತವು ಅಫರ್ವಟ್ ಪರ್ವತದ ಹೆಗಲಿಗೆ, ಸುಮಾರು ೧೩,೦೦೦ ಅಡಿ ಎತ್ತರಕ್ಕೆ ಏರಿಸುವುದು. ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಸ್ಕೀ ಎಂಬ ಆಟವು ಅಲ್ಲಿಗೆ ಇಂಗ್ಲಿಷರಿಂದ ಬಂದುದು. ೧೯೨೭ರಲ್ಲಿಯೇ ಗುಲ್ಮರ್ಗದಲ್ಲಿ ಭಾರತದ ಸ್ಕೀ ಕ್ಲಬ್ಬು ಸ್ಥಾಪಿತವಾಯಿತು. ದೊರೆಗಳ ಆಟವಾಗಿದ್ದುದು ಈಗ ಹಳ್ಳಿಯ ಹುಡುಗರ ವಿದ್ಯೆಯಾಗಿದೆ. ತಂಗ್‌ಮರ್ಗದ ಕಡೆಯ ಆರಿಫ್ ಖಾನ್ ಎಂಬ ತರುಣನು, ಗುಲ್ಮರ್ಗದಲ್ಲಿ ಸ್ಕೀ ಸಲಕರಣೆಯ ಅಂಗಡಿಯನ್ನು ಇಟ್ಟುಕೊಂಡಿದ್ದವರ ಮಗನು, ೨೦೨೨ರಲ್ಲಿ ಬೀಜಿಂಗಿನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ ಪಂದ್ಯಗಳಲ್ಲಿ ಭಾರತದ ಏಕಮಾತ್ರ ಸ್ಪರ್ಧಿಯಾಗಿ ಹೋಗಿ ಒಂದು ಸ್ಪರ್ಧೆಯಲ್ಲಿ ೪೫ನೆಯ ಸ್ಥಾನವನ್ನು ಪಡೆದನು.

ಎಲ್ಲರೂ ಆರಿಫರಾಗಲಾರರು. ಸ್ಕೀ ಕಲಿಸುವ ವಿದ್ಯೆಯೂ ಇಲ್ಲದೆ, ಕುದುರೆ ಕೊಳ್ಳುವ ಹಣವೂ ಇಲ್ಲದೆ ಇರುವವನಿಗೆ ಉಳಿದಿರುವುದು ಹಲಗೆಬಂಡಿ. ಮರದ ಎರಡು ಜಾರುಪಟ್ಟಿಗಳು, ಮೇಲೆ ಒಂದು ಹಲಗೆ, ಮುಂದೆ ಒಂದು ಹಗ್ಗ. ಪ್ರವಾಸಿಯನ್ನು ಕೂರಿಸಿಕೊಂಡು ಈ ಮನುಷ್ಯನು ಮೊಣಕಾಲುದ್ದ ಹಿಮದಲ್ಲಿ ಎಳೆಯುತ್ತಾನೆ. ಮನುಷ್ಯನ ಮೇಲೆ ಮನುಷ್ಯನು ಸವಾರಿ ಮಾಡುವುದು ತರವೆ ಎಂದು ಸೂಕ್ಷ್ಮಮನಸ್ಸಿನವರು ಕೇಳುವರು, ಕೇಳತಕ್ಕ ಪ್ರಶ್ನೆಯೇ. ಆದರೆ ‘ನನಗೆ ಪಾಪ ಬೇಡ’ ಎಂದು ಹೇಳಿ ಮುಂದೆ ನಡೆದುಬಿಟ್ಟರೆ ನಮ್ಮ ಪಾಪ ಕಳೆಯಿತೇ ಹೊರತು ಅವನ ಹಸಿವು ಕಳೆಯಲಿಲ್ಲ. ಕೂರಲು ಮನಸ್ಸಿಲ್ಲದವನು ತನ್ನ ಹೊರೆಯನ್ನಾದರೂ ಆ ಬಂಡಿಯ ಮೇಲಿರಿಸಲಿ, ದಾರಿ ತೋರಿಸೆಂದು ಕರೆದುಕೊಂಡಾದರೂ ಹೋಗಲಿ. ಕೂರುವವನು ಗೊತ್ತಾದ ದರವನ್ನು ಕೊಸರಾಡದೆ ಕೊಡಲಿ. ಮನೆಯಿಂದ ಹೊರಡುವಾಗ ವಿಮಾನದ ದರವನ್ನು ಮರುಮಾತಿಲ್ಲದೆ ತೆತ್ತವನು ಬೆವರು ಸುರಿಸುವವನೆದುರಿಗೆ ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ವಾದಿಸುವುದು ನೋಡತಕ್ಕ ದೃಶ್ಯವಲ್ಲ.

ಇಂತಹವರಿಗೆ ಹಿಮದಲ್ಲಿ ಭಯವಿಲ್ಲವೆಂದಲ್ಲ. ಹಳೆಯ ಗಟ್ಟಿಪದರದ ಮೇಲೆ ಹೊಸ ಹಿಮವು ಭಾರವಾಗಿ ಬಿದ್ದು, ಅವೆರಡರ ನಡುವೆ ಹಿಡಿತವಿಲ್ಲದಿದ್ದರೆ, ಬೆಟ್ಟದ ಓರೆಯೇ ಕಳಚಿದಂತೆ ಹಿಮರಾಶಿಯು ಜಾರುವುದು. ೨೦೧೦ರ ಫೆಬ್ರವರಿ ೮ರಂದು ಗುಲ್ಮರ್ಗದ ಮೇಲಣ ಇಳಿಜಾರಿನಲ್ಲಿ ಅಭ್ಯಾಸ ಮಾಡುತ್ತಿದ್ದ ಸೈನಿಕರ ಮೇಲೆ ಹೀಗೆ ಹಿಮ ಕುಸಿದು ೧೭ ಮಂದಿ ಮಡಿದರು. ಹೂತುಹೋದವನನ್ನು ಮೊದಲ ಕಾಲು ಗಂಟೆಯೊಳಗೆ ತೋಡಿ ತೆಗೆದರೆ ಬದುಕುವ ಆಸೆ ಬಹಳ. ಆಮೇಲೆ ಅದು ಬೇಗಬೇಗನೆ ಇಳಿಯುತ್ತ ಹೋಗುವುದು. ಆದುದರಿಂದ ಬಲ್ಲವರು ಸಲಿಕೆಯನ್ನೂ, ಹಿಮದಲ್ಲಿ ಚುಚ್ಚಿ ಹುಡುಕುವ ಕೋಲನ್ನೂ, ಇರುವೆಡೆಯನ್ನು ಸೂಚಿಸುವ ಯಂತ್ರವನ್ನೂ ಕೊಂಡೊಯ್ಯದೆ ಆ ಎತ್ತರದಲ್ಲಿ ಜಾರಲು ಹೋಗುವುದಿಲ್ಲ. ಪ್ರವಾಸಿಯೂ ಅಲ್ಲಿಯ ಕಾವಲಿನವರು ಬೇಡವೆಂದ ಕಡೆಗೆ ಹೆಜ್ಜೆಯಿಡಬಾರದು.

ಇಷ್ಟಾದರೂ, ಆ ಜನರು ಹಿಮ ಬೀಳುವುದಕ್ಕೆ ಹೆದರುವುದಕ್ಕಿಂತ ಬೀಳದಿರುವುದಕ್ಕೆ ಹೆದರುತ್ತಾರೆ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು. ೨೦೨೪ರ ಜನವರಿಯಲ್ಲಿ ಸಂಸಾರಸಹಿತನಾಗಿ ಅಲ್ಲಿಗೆ ಹೋಗಿ ಬಂದು, “ಮೇಷ್ಟ್ರೇ, ದುಡ್ಡೆಲ್ಲ ದಂಡವಾಯಿತು. ಹಿಮವೇ ಇರಲಿಲ್ಲ, ಎಲ್ಲಿ ನೋಡಿದರೂ ಒಣಹುಲ್ಲು, ಮಣ್ಣು. ಮಕ್ಕಳು ಅತ್ತೇಬಿಟ್ಟವು” ಎಂದನು. “ಅಲ್ಲಿಯವರು ಏನು ಮಾಡುತ್ತಿದ್ದರಪ್ಪಾ?” ಎಂದು ಕೇಳಿದೆನು. ಅವನು ತುಸು ತಡೆದು, “ಹಲಗೆಬಂಡಿಯವರು ಬಂಡಿಗಳನ್ನು ಹುಲ್ಲಿನ ಮೇಲಿಟ್ಟುಕೊಂಡು ಸಾಲಾಗಿ ಕುಳಿತಿದ್ದರು, ಸಾರ್. ಒಬ್ಬನು ಮಾತ್ರ ಹತ್ತಿರ ಬಂದು, ಬಂಡಿ ಬೇಡವಾದರೆ ಕೈಚೀಲವನ್ನಾದರೂ ಹೊರಲೇ ಎಂದು ಕೇಳಿದನು” ಎಂದನು. ಕೊಟ್ಟೆಯಾ ಎಂದು ನಾನು ಕೇಳಲಿಲ್ಲ; ಅವನೇ ಹೇಳಿದನು, ಕೊಟ್ಟನೆಂದು. ನನಗೆ ಸಂತೋಷವಾಯಿತು.

ಅವನ ಮಕ್ಕಳು ಕಳೆದುಕೊಂಡದ್ದು ಎರಡು ದಿನದ ಆಟ. ಆ ಸಾಲಿನಲ್ಲಿ ಕುಳಿತಿದ್ದವರು ಕಳೆದುಕೊಂಡದ್ದು ಒಂದು ಬೆಳೆ. ಆ ವರ್ಷ ಡಿಸೆಂಬರ್ ಕಳೆದು ಜನವರಿಯ ಬಹುಭಾಗವೂ ಒಣಗಿಯೇ ಹೋಯಿತು. ದೊಡ್ಡ ಚಳಿಯ ನಲವತ್ತು ದಿನಗಳಲ್ಲಿ ಹಿಮಕ್ಕಾಗಿ ಕಣಿವೆಯ ಮಸೀದಿಗಳಲ್ಲಿ ವಿಶೇಷ ಪ್ರಾರ್ಥನೆಗಳು ನಡೆದುವು. ಬರಗಾಲದಲ್ಲಿ ನಮ್ಮ ಹಳ್ಳಿಗಳವರು ಕಪ್ಪೆಗಳಿಗೆ ಮದುವೆ ಮಾಡಿಸಿ, ದೇವರಿಗೆ ಜಲಾಭಿಷೇಕ ಮಾಡಿಸಿ ಮುಗಿಲನ್ನು ನೋಡುವುದಿಲ್ಲವೆ? ಕಡೆಗೆ ತಿಂಗಳ ಕೊನೆಗೆ ಹಿಮ ಬಂದಿತು. ಚಳಿಗಾಲದ ರಾಷ್ಟ್ರೀಯ ಪಂದ್ಯಗಳೂ ಫೆಬ್ರವರಿಯಲ್ಲಿ ಅಲ್ಲಿಯೇ ಜರುಗಿದುವು. ಮರುವರ್ಷ, ೨೦೨೫ರಲ್ಲಿ, ಅದೇ ಪಂದ್ಯಗಳನ್ನು ಹಿಮದ ಅಭಾವದಿಂದ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಹಿಮ ಬಂದರೂ ಜನ ಬಾರದ ವರ್ಷಗಳ ಕಷ್ಟವೂ ಅವರಿಗೆ ಗೊತ್ತು. ೨೦೨೫ರ ಏಪ್ರಿಲಿನಲ್ಲಿ ಅದೇ ಕಣಿವೆಯ ಪಹಲ್ಗಾಮಿನಲ್ಲಿ ೨೬ ಮಂದಿ ಹತರಾದರು. ಅವರಲ್ಲಿ ನಮ್ಮ ನಾಡಿನವರೂ ಇದ್ದರು, ಪ್ರವಾಸಿಗಳನ್ನು ಕುದುರೆಯ ಮೇಲೆ ಕರೆದೊಯ್ದು ಹೊಟ್ಟೆಹೊರೆಯುತ್ತಿದ್ದ ಅಲ್ಲಿಯವನೊಬ್ಬನೂ ಇದ್ದನು. ಆ ಬಳಿಕ ಕಣಿವೆಯ ಹೋಟೆಲುಗಳು ಬರಿದಾದುವು. ಅತಿಥಿಯ ಮನೆಯಲ್ಲಿಯೂ ಆತಿಥೇಯನ ಮನೆಯಲ್ಲಿಯೂ ಒಂದೇ ದಿನ ದೀಪವಾರಿದ ಆ ದುಃಖವನ್ನು ಹೆಚ್ಚು ವಿಸ್ತರಿಸಲಾರೆನು.

ಹಿಮವನ್ನು ಬೆಳೆಯೆಂದು ಕರೆದುದು ಅಲಂಕಾರಕ್ಕಾಗಿ ಅಲ್ಲ. ನಮ್ಮ ಮಳೆಯು ನೈರುತ್ಯದ ಕಡಲಿನಿಂದ ಬರುವಂತೆ, ಅವರ ಹಿಮವು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿಬರುವ ಚಳಿಗಾಲದ ಮಾರುತಗಳಿಂದ ಬರುವುದು. ನಮ್ಮ ಮಳೆ ಬಿದ್ದ ದಿನವೇ ಹರಿದು ಹೋಗುತ್ತದೆ. ಹಿಡಿದಿಡಲು ಕೆರೆಕಟ್ಟೆಗಳು ಬೇಕು. ಅವರಿಗೆ ಪರ್ವತವೇ ಕೆರೆ. ಜನವರಿಯಲ್ಲಿ ಬಿದ್ದುದು ಅಲ್ಲಿಯೇ ಗಟ್ಟಿಯಾಗಿ ನಿಂತು, ಏಪ್ರಿಲ್ ಮೇ ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿ ಇಳಿಯುವುದು. ಅಫರ್ವಟ್ ಬೆಟ್ಟದ ಹಿಮವು ಕರಗಿ ನಿಂಗಲ್ ಹೊಳೆಯಾಗಿ, ಗದ್ದೆಗಳನ್ನು ದಾಟಿ, ಸೋಪೋರಿನ ಬಳಿ ವಿತಸ್ತೆಯನ್ನು, ಎಂದರೆ ಈಗಿನ ಝೀಲಂ ನದಿಯನ್ನು, ಸೇರುತ್ತದೆ. ಹಿಮ ತಪ್ಪಿದರೆ ಬಂಡಿಯೆಳೆಯುವವನ ಕೂಲಿ ಮೊದಲು ತಪ್ಪುವುದು. ಬೇಸಗೆಯಲ್ಲಿ ಬತ್ತದ ಗದ್ದೆಗೆ ನೀರು ತಪ್ಪುವುದು. ಊರ ಚಿಲುಮೆಗಳು ಬತ್ತುವುವು. ಸೇಬಿನ ಮರಕ್ಕಂತೂ ಚಳಿಯೇ ನಿದ್ರೆ. ಚಳಿಗಾಲದಲ್ಲಿ ಸಾಕಷ್ಟು ಕಾಲ ಶೀತದಲ್ಲಿ ಮಲಗಿ ಎದ್ದರೆ ಮಾತ್ರ ಅದು ವಸಂತದಲ್ಲಿ ಸರಿಯಾಗಿ ಹೂಬಿಡುವುದು. ನಮ್ಮ ಊರಿನ ಪೇಟೆಯಲ್ಲಿ ಆ ಸೇಬನ್ನು ಕೊಂಡು ಮಗುವಿನ ಕೈಗಿಡುವ ತಾಯಿಯು, ತಿಳಿದೋ ತಿಳಿಯದೆಯೋ, ಆ ಹಿಮದ ಒಂದು ತುಣುಕನ್ನೇ ಇಡುತ್ತಿದ್ದಾಳೆ. ಲೋಕದ ಕಾವು ಏರುತ್ತಿರುವ ಈ ಕಾಲದಲ್ಲಿ ಎತ್ತರದ ಊರುಗಳಿಗೆ ಮೊದಲು ತಟ್ಟುವ ಸಂಕಟ ಇದು. ಆ ಕಾವಿಗೆ ಕಾರಣರಾದವರಲ್ಲಿ ಹಲಗೆಬಂಡಿಯವನ ಪಾಲು ಎಷ್ಟೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಹೀಗಿರುವುದರಿಂದ ಮೊದಲ ಹಿಮ ಬಿದ್ದ ದಿನ ಅಲ್ಲಿ ಹಬ್ಬವಾಗುವುದು ಆಶ್ಚರ್ಯವಲ್ಲ. ನೀಲಮತ ಪುರಾಣವು ಹೊಸ ಹಿಮ ಬಿದ್ದಾಗ ಹಿಮವಂತನನ್ನೂ ಹೇಮಂತ ಶಿಶಿರ ಋತುಗಳನ್ನೂ ಪೂಜಿಸಿ, ಬೆಚ್ಚನೆಯ ಉಡುಪನ್ನು ತೊಟ್ಟು, ನಂಟರಿಷ್ಟರೊಡನೆ ಉಂಡು, ಗೀತವಾದ್ಯಗಳಿಂದ ಕಾಲ ಕಳೆಯಬೇಕೆಂದು ವಿಧಿಸಿದೆ. ಮತಗಳು ಬದಲಾದರೂ ಮನಸ್ಸು ಬದಲಾಗಲಿಲ್ಲ. ಮೊದಲ ಹಿಮದ ದಿನ ಒಬ್ಬರಿಗೊಬ್ಬರು ‘ಶೀನ್ ಮುಬಾರಕ್’ ಎಂದು ಶುಭ ಕೋರುವರು. ಒಂದು ವಿನೋದವೂ ಉಂಟು. ಹಿಡಿ ಹಿಮವನ್ನು ಬಟ್ಟೆಯಲ್ಲೋ ಪೊಟ್ಟಣದಲ್ಲೋ ಮರೆಮಾಡಿ ಬೇರೇನೋ ಎಂಬಂತೆ ನಂಟರ ಕೈಗೆ ಕೊಡುವುದು. ತಿಳಿಯದೆ ತೆಗೆದುಕೊಂಡವರು ಸೋತಂತೆ, ಕೊಟ್ಟವರಿಗೆ ಔತಣ ಮಾಡಿಸಬೇಕು. ಹೊಸ ಅಳಿಯನ ಮನೆಗೂ ಬೀಗರ ಮನೆಗೂ ಈ ಹಾಸ್ಯ ನಡೆದರೆ ಎಷ್ಟು ನಗೆಯೆಂಬುದನ್ನು ನಮ್ಮ ಮನೆಗಳಲ್ಲಿ ಬೀಗರ ಹಾಸ್ಯವನ್ನು ಕಂಡವರು ಊಹಿಸಬಲ್ಲರು.

ಆ ನಾಡು ನಮಗೆ ಅಪರಿಚಿತವಾದುದಲ್ಲ. ೧೧ನೆಯ ಶತಮಾನದಲ್ಲಿ ಶ್ರೀನಗರದ ಬಳಿಯ ಖೋನಮುಖವೆಂಬ ಗ್ರಾಮದಿಂದ ಹೊರಟ ಬಿಲ್ಹಣ ಕವಿಯು ದೇಶವನ್ನೆಲ್ಲ ಸುತ್ತಿ ಕಡೆಗೆ ನೆಲೆ ಕಂಡುಕೊಂಡುದು ನಮ್ಮ ಕಲ್ಯಾಣದಲ್ಲಿ. ಚಾಲುಕ್ಯ ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನು ಕೊಟ್ಟನು. ಅವನು ಆ ದೊರೆಯ ಚರಿತವನ್ನು ೧೮ ಸರ್ಗಗಳ ಕಾವ್ಯವಾಗಿ ಬರೆದನು. ಕನ್ನಡನಾಡಿನ ಅರಸನ ಕಥೆಯನ್ನು ಹೇಳಿ ಮುಗಿಸಿದ ಮೇಲೆಯೂ ಅವನಿಗೆ ತಡೆಯಲಾಗಲಿಲ್ಲ. ಕಡೆಯ ಸರ್ಗವನ್ನು ತನ್ನ ತಾಯ್ನಾಡಿನ ವರ್ಣನೆಗೆ ಮೀಸಲಿಟ್ಟನು. ಹೊಟ್ಟೆಪಾಡಿಗಾಗಿ ದೂರ ಬಂದವನ ಮನಸ್ಸು ಎಲ್ಲಿರುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಲ್ಲಿಂದ ಬಂದವನನ್ನು ನಮ್ಮವರು ಅಂದು ಆದರಿಸಿದರು; ಇಂದು ಇಲ್ಲಿಂದ ಹೋಗುವ ನಮ್ಮನ್ನು ಅಲ್ಲಿಯವರು ಕೆಂಡದ ಬುಟ್ಟಿಯನ್ನು ಮುಂದಿಟ್ಟು ಆದರಿಸುವರು.

ಆದುದರಿಂದ ಈ ಚಳಿಗಾಲದಲ್ಲಿ ಹಿಮದ ಊರಿಗೆ ಹೋಗುವವರಿದ್ದರೆ ಸುಖವಾಗಿ ಹೋಗಿಬನ್ನಿರಿ. ಉಣ್ಣೆಯ ಬಟ್ಟೆಯನ್ನು ಮನೆಯಿಂದಲೇ ಒಯ್ಯಿರಿ. ಮಕ್ಕಳ ಕಾಲು ಒದ್ದೆಯಾಗಗೊಡಬೇಡಿರಿ. ಕಸವನ್ನು ಬಿಳಿಯ ನೆಲದ ಮೇಲೆ ಎಸೆಯದೆ ಜೊತೆಯಲ್ಲಿಯೇ ತನ್ನಿರಿ. ಆ ಹಿಮವೇ ನಾಲ್ಕು ತಿಂಗಳಾದ ಮೇಲೆ ಕೆಳಗಿನ ಊರಿನವರು ಕುಡಿಯುವ ನೀರು. ಹಿಮ ಕಂಡರೆ ಸಂತೋಷಪಡಿರಿ. ಕಾಣದಿದ್ದರೆ ಬೇಸರಪಡಬೇಡಿರಿ, ಒಂದು ಲೋಟ ಉಪ್ಪಿನ ಚಹವನ್ನು ಕೊಂಡು, ಅಂಗಡಿಯವನೊಡನೆ ಕುಳಿತು, ಈ ವರ್ಷ ಹೇಗೆ ಎಂದು ಕೇಳಿರಿ. ಮಳೆ ತಪ್ಪಿದ ವರ್ಷ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುವ ಮಾತನ್ನೇ ಅವನೂ ಆಡುವನು. ಅದನ್ನು ತಿಳಿಯುವುದಕ್ಕೆ ನಮಗೆ ಬೇರೆ ಭಾಷೆಯನ್ನು ಕಲಿಯಬೇಕಾಗಿಲ್ಲ.